ಅಲ್ಲಿನ ಮಾಸ್ತರರು ಕರೆದಿದ್ದಾರೆಯೇ?

ಬಳ್ಳಾರಿಯ ಕೌಲ್‌ಬಜಾರಿನಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದರಿಂದ ಹಾಕಿಲ್ಲ. ಪತ್ರದ ಸಾರ ಇಷ್ಟು: ಮಗಳು ಬಿ.ಎಡ್. ಓದುತ್ತಿದ್ದಾಳೆ. ಅವರ ಸಭೆಯ, ಅಂದರೆ ಚರ್ಚಿನ, ಯುವಜನರ ಕೂಟದ ಹನ್ನೆರಡು ವಿದ್ಯಾರ್ಥಿಗಳು ಮೇ ತಿಂಗಳ ರಜೆಯಲ್ಲಿ ಎರಡು ವಾರ ನೇಪಾಳಕ್ಕೆ ಹೋಗುವವರಿದ್ದಾರೆ. ಅಲ್ಲಿ ಒಂದು ಸಭೆಯವರು ನಡೆಸುವ ಶಾಲೆಯಲ್ಲಿ ಹಗಲು ಇಂಗ್ಲಿಷ್, ಗಣಿತ ಕಲಿಸುವುದು, ಸಂಜೆ ವಿಬಿಎಸ್ (ಮಕ್ಕಳಿಗಾಗಿ ನಡೆಸುವ ರಜಾಕಾಲದ ಬೈಬಲ್ ಶಾಲೆ) ನಡೆಸುವುದು ಯೋಜನೆ. ಖರ್ಚಿಗೆಂದು ಭಾನುವಾರದ ಆರಾಧನೆಯಲ್ಲಿ ವಿಶೇಷ ಕಾಣಿಕೆ ಎತ್ತುತ್ತಿದ್ದಾರೆ. ಪಾಸ್ಟರ್ ಇದು ದೇವರ ಕರೆ ಎನ್ನುತ್ತಾರೆ. ಮೈದುನ ಇದು ಪ್ರಾರ್ಥನೆಯ ಹೆಸರಿನಲ್ಲಿ ಟೂರು ಎನ್ನುತ್ತಾರೆ. ಯಜಮಾನರ ಮಾತು ಬೇರೆ: "ಓದಾಕ ಬರದ ಹುಡುಗ್ರು ನಮ್ಮ ಓಣ್ಯಾಗ ಅದಾವು, ನೇಪಾಳಕ್ಕ ಯಾಕ ಹೋಗ್ಬೇಕು?" ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಕಳಿಸಲೋ ಬೇಡವೋ ಎಂದು ಕೇಳಿ ಪತ್ರ ಮುಗಿಸಿದ್ದಾರೆ.

ಸಹೋದರಿ,

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಕಳಿಸಿ. ಆದರೆ ಅದಕ್ಕೂ ಮುಂಚೆ ಪಾಸ್ಟರ ಬಳಿ ಹೋಗಿ ಒಂದು ಕಾಗದ ತೋರಿಸಲು ಕೇಳಿ. ಆ ಶಾಲೆಯ ಮುಖ್ಯ ಗುರುಗಳು ಬರೆದ ಕಾಗದ. ಯಾವ ತರಗತಿಗೆ, ಯಾವ ಪಾಠಕ್ಕೆ, ಎಷ್ಟು ಜನ ಬೇಕು, ದಿನಕ್ಕೆ ಎಷ್ಟು ಪಿರಿಯಡ್ ಬಿಟ್ಟುಕೊಡುತ್ತಾರೆ ಎಂಬುದು ಅದರಲ್ಲಿರಬೇಕು. ವಾಟ್ಸ್‌ಆ್ಯಪ್ ಸಂದೇಶವಾದರೂ ನಡೆದೀತು, ಮಾತು ಮಾತ್ರ ಅವರದ್ದಾಗಿರಬೇಕು. ಅದು ಇದ್ದರೆ ನಿಮ್ಮ ಮಗಳು ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ತಿಳಿಯಿರಿ. ಅಂಥದ್ದೇನೂ ಬಂದಿಲ್ಲ, ಇಲ್ಲಿ ಕೂತು ನಮ್ಮವರೇ ಅವರ ಅಗತ್ಯವನ್ನು ಊಹಿಸಿಕೊಂಡಿದ್ದಾರೆ ಎಂದಾದರೆ ಈ ವರ್ಷ ತಡೆಯಿರಿ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಗೆ ದೊಡ್ಡ ಊರಿನ ಕಾಲೇಜು ಹುಡುಗರ ತಂಡ ಸೇವೆಗೆಂದು ಬಂದಿತ್ತು. ಒಳ್ಳೆಯ ಮಕ್ಕಳು, ಮೈಮುರಿದು ದುಡಿದರು. ಗೋಡೆಗೆ ಬಣ್ಣ ಬಳಿದರು, ಇಂಗ್ಲಿಷ್ ಹಾಡು ಕಲಿಸಿದರು, ದಿನಾ ಚಾಕಲೇಟ್ ಹಂಚಿದರು. ನಾನು ಹೋದ ದಿನ ಐದನೇ ತರಗತಿಯ ಮಾಸ್ತರರು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು. ಒಳಗೆ ಕರಿಹಲಗೆಯ ಒಂದು ಮೂಲೆಯಲ್ಲಿ ಅವರು ಹಿಂದಿನ ವಾರ ಅರ್ಧಕ್ಕೆ ಬಿಟ್ಟಿದ್ದ ಭಾಗಾಕಾರದ ಲೆಕ್ಕ ಹಾಗೇ ಇತ್ತು. ಅದರ ಸುತ್ತ ಯಾರೋ ಬಣ್ಣದ ಸೀಮೆಸುಣ್ಣದಲ್ಲಿ ಹೂಬಳ್ಳಿ ಬಿಡಿಸಿದ್ದರು. ತಂಡ ಹೋದ ಮೇಲೆ ಮತ್ತೆ ಸಿಕ್ಕಾಗ ಅವರು ಹೇಳಿದರು: "ಪಾಠ ಒಂದು ವಾರ ನಿಂತ್ರ ಹೆಂಗೋ ಹಿಡೀಬಹುದ್ರಿ. ಈಗ ಹುಡುಗ್ರು ನಾ ಒಳಗ ಬಂದ ಕೂಡ್ಲೆ ನನ್ನ ಕೈ ನೋಡ್ತಾವ. ಏನೂ ಇಲ್ಲಂದ್ರ ಮಾರಿ ಸಣ್ಣ ಮಾಡ್ತಾವ." ಆ ಇಡೀ ವಾರ ಯಾರೊಬ್ಬರೂ ಅವರ ಹತ್ತಿರ ಹೋಗಿ, ಸರ್, ನಿಮ್ಮ ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಕೇಳಿರಲಿಲ್ಲ.

ನೇಪಾಳದ ಆ ಶಾಲೆಯಲ್ಲೂ ಅಂಥ ಒಬ್ಬ ಮಾಸ್ತರರೋ ಅಕ್ಕೋರೋ ಇದ್ದೇ ಇರುತ್ತಾರೆ. ನಿಮ್ಮ ಮಗಳು ಹೋದ ಕಾರಣಕ್ಕೆ ಅವರು ತಮ್ಮದೇ ತರಗತಿಯ ಹೊರಗೆ ನಿಲ್ಲುವಂತಾಗಬಾರದು. ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದೇ.

ಎರಡು ವಾರದ ಸೇವೆ ಸೇವೆಯೇ ಅಲ್ಲ ಎನ್ನುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ನಾನು ಒಪ್ಪುವುದಿಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳಿಸಿದ್ದು ಹೋಗಿ ಬರುವ ಪ್ರಯಾಣಕ್ಕೇ. ಅವರು ಸಂತೋಷದಿಂದ ತಿರುಗಿ ಬಂದದ್ದನ್ನೂ ಅದೇ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಕಳಿಸುವಾಗ ಹಾಕಿದ ಕಟ್ಟಳೆ ಗಮನಿಸಿ. ಹಣದ ಚೀಲ ಬೇಡ, ಹಸಿಬೆ ಬೇಡ, ಕೆರ ಬೇಡ. ಇಳಿದುಕೊಂಡ ಮನೆಯಲ್ಲೇ ಇರಿ, ಅವರು ಬಡಿಸಿದ್ದನ್ನು ಉಣ್ಣಿರಿ, ಮನೆಯಿಂದ ಮನೆಗೆ ಹೋಗಬೇಡಿ. ಕೊಡಲು ಹೊರಟವರನ್ನು ಮೊದಲು ಇನ್ನೊಬ್ಬರ ಪಂಕ್ತಿಯಲ್ಲಿ ಕೂರಿಸಿದರು. ಅದೇ ಕಲಿಸುವ ಕೆಲಸ ಬಂದಾಗ ಲೆಕ್ಕ ಬೇರೆ. ಪೌಲನು ಕೊರಿಂಥದಲ್ಲಿ ಒಂದೂವರೆ ವರ್ಷ ಕೂತು ಉಪದೇಶಿಸಿದ. ಎಫೆಸದಲ್ಲಿ ತುರನ್ನನ ಶಾಲೆಯಲ್ಲಿ ದಿನಾ ಪಾಠ ಹೇಳುತ್ತಾ ಎರಡು ವರ್ಷ ಕಳೆದ.

ಕಲಿಸುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ನಮ್ಮ ಬಳ್ಳಾರಿಯೇ ಸಾಕ್ಷಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಇಲ್ಲಿನವರಿಂದ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಜನರ ಕೈಗೆ ಬಂದದ್ದು 1831ರಲ್ಲಿ. ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. 1843ರಲ್ಲಿ ಮಿಷನರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಒತ್ತುವ ಮುದ್ರಣ) ತೆಗೆದ ಕನ್ನಡದ ಮೊದಲ ಪತ್ರಿಕೆ ಮರುವರ್ಷ ಬಳ್ಳಾರಿಗೆ ಬಂತು; ಬಿಡಿ ಅಕ್ಷರ ಜೋಡಿಸಿ ಒತ್ತುವ ಮೊಳೆಯಚ್ಚು ಇದ್ದದ್ದು ಇಲ್ಲಿನ ಮಿಷನ್ ಮುದ್ರಣಾಲಯದಲ್ಲಿ. ಪತ್ರಿಕೆ ನಡೆಸುವ ನನಗೆ ಈ ಸಂಗತಿ ನೆನೆದಾಗಲೆಲ್ಲ ಎದೆ ತುಂಬುತ್ತದೆ. ಇಷ್ಟೆಲ್ಲ ಆದದ್ದು ಬಂದವರು ಇಲ್ಲೇ ಉಳಿದಿದ್ದರಿಂದ, ಇಲ್ಲಿನ ಬಿಸಿಲಿನಲ್ಲಿ ಬೆಂದಿದ್ದರಿಂದ, ಇಲ್ಲಿನ ಪಂಡಿತರ ಎದುರು ಶಿಷ್ಯರಾಗಿ ಕೂತಿದ್ದರಿಂದ.

ಬಂದವರೆಲ್ಲ ಹಾಗಿರಲಿಲ್ಲ. ಅಧಿಕಾರಿಗಳಂತೆ ನಡೆದುಕೊಂಡವರೂ ಇದ್ದರು. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳೆಲ್ಲ ಸೇರಿದ್ದ ಸಮ್ಮೇಳನದಲ್ಲಿ ನಮ್ಮ ವಿ. ಎಸ್. ಅಜರಯ್ಯನವರು ಎದ್ದುನಿಂತು ಅದನ್ನು ಮುಖದ ಮೇಲೇ ಹೇಳಿದರು. ನಿಮ್ಮ ಸೊತ್ತು ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಎಂದು ಕೇಳಿದರು. ಎರಡು ವರ್ಷದ ಮೇಲೆ ಅವರೇ ಈಗಿನ ತೆಲಂಗಾಣದ ದೋರ್ನಕಲ್ಲಿನ ಬಿಷಪ್ ಆದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಆವತ್ತು ಕೇಳುವ ಜಾಗದಲ್ಲಿ ನಾವಿದ್ದೆವು. ಮೇ ತಿಂಗಳಲ್ಲಿ ಆ ಜಾಗದಲ್ಲಿ ನೇಪಾಳದ ಸಭೆ ಇರುತ್ತದೆ. ಇದನ್ನು ನಿಮ್ಮ ಮಗಳ ಜೊತೆ ಕೂತು ಮಾತಾಡಿ, ಬಿ.ಎಡ್. ಓದುವವಳಿಗೆ ಅರ್ಥವಾಗುತ್ತದೆ.

ಹಾಗಾದರೆ ಎರಡು ವಾರದಲ್ಲಿ ಆಗುವುದೇನು? ರಜೆ ಕಳೆದರೆ ಪಾಠಕ್ಕೆ ಸಿಗುವುದು ಹತ್ತು, ಹನ್ನೊಂದು ದಿನ. ಅಷ್ಟರಲ್ಲಿ ಗಣಿತದ ಹೊಸ ಪಾಠ ಶುರು ಮಾಡುವುದು ಬೇಡವೇ ಬೇಡ. ಅರ್ಧಕ್ಕೆ ಬಿಟ್ಟು ಬರಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಒಂದಿಷ್ಟು ಮಾಡಬಹುದು. ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಗಟ್ಟಿಯಾಗಿ ಓದಿಸುವುದು, ತಪ್ಪಿಗೆ ಹೆದರದೆ ಮಾತಾಡಿಸುವುದು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ ಇದಕ್ಕೆ ಪುರಸೊತ್ತು ಸಿಗುವುದಿಲ್ಲ. ಹನ್ನೆರಡು ಜೊತೆ ಕೈಗಳಿದ್ದರೆ ಸಿಗುತ್ತದೆ. ನಮ್ಮ ನಲಿ-ಕಲಿ ಶಾಲೆಗಳಲ್ಲಿ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯಲು ಬಳಸುವ ಕಲಿಕಾ ಕಾರ್ಡುಗಳನ್ನು ನಿಮ್ಮ ಮಗಳು ನೋಡಿರಬೇಕು. ಅಂಥವನ್ನು ಅಲ್ಲಿನ ಪಠ್ಯಪುಸ್ತಕ ನೋಡಿಕೊಂಡು ಅಲ್ಲಿನ ಶಿಕ್ಷಕರ ಜೊತೆಯೇ ಸಂಜೆ ಕೂತು ಮಾಡಲಿ. ತಂಡ ಹೊರಟ ಮೇಲೂ ಅವು ಶಾಲೆಯ ಬೀರುವಿನಲ್ಲಿ ಇರುತ್ತವೆ. ಕಾಲವೂ ಹೊಂದುತ್ತದೆ. ಅಲ್ಲಿ ಶಾಲೆಯ ವರ್ಷ ಆರಂಭವಾಗುವುದು ಅವರ ಬೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿಗೆ. ನಮ್ಮ ದಸರಾ ರಜೆಯಲ್ಲಿ ಹೋದರೆ ಅವರಿಗೂ ದಶೈಂ ರಜೆ, ಮಕ್ಕಳೇ ಸಿಗುವುದಿಲ್ಲ. ಇನ್ನೊಂದು ವಿಷಯ: ಅಲ್ಲಿನ ಸಭೆಗಳು ಬಹುಮಟ್ಟಿಗೆ ಆರಾಧನೆಗೆ ಕೂಡುವುದು ವಾರದ ರಜೆಯಾದ ಶನಿವಾರ. ಭಾನುವಾರ ನಮ್ಮ ಅಭ್ಯಾಸದ ಪ್ರಕಾರ ಕಾರ್ಯಕ್ರಮ ಹಾಕಿಕೊಂಡು ಹೋಗಬಾರದು.

ಈಗ ವಿಬಿಎಸ್ ವಿಚಾರ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳಬೇಕು. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಗಡಿ ತೆರೆದಿದೆ, ವೀಸಾ ಬೇಕಿಲ್ಲ. ಹಾಗಾಗಿ ನಮ್ಮವರು ನೇಪಾಳವನ್ನು ಪಕ್ಕದ ರಾಜ್ಯದಂತೆ ಕಾಣುತ್ತಾರೆ. ಅದು ಬೇರೆ ದೇಶ, ಅಲ್ಲಿನ ಕಾನೂನು ಬೇರೆ. 2015ರ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ 158ನೇ ಕಲಮಿನ ಪ್ರಕಾರ ಮತಾಂತರ ಮಾಡಿದವರಿಗೂ ಅದಕ್ಕೆ ಪ್ರೇರೇಪಿಸಿದವರಿಗೂ 5 ವರ್ಷದವರೆಗೆ ಸೆರೆ, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾಗಿದ್ದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಆ ಕಾನೂನು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. 2021ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಶಾಲೆಯ ಮಕ್ಕಳನ್ನೆಲ್ಲ ಸಂಜೆ ಕೂಡಿಸಿ ಕೈಗೊಂದು ಉಡುಗೊರೆ ಕೊಟ್ಟು ಪ್ರಾರ್ಥನೆ ಮಾಡಿಸಿದರೆ, ಯಾರೋ ಒಬ್ಬರು ವಿಡಿಯೊ ಮಾಡಿದರೆ, ನಮ್ಮ ಮಕ್ಕಳು ಬಸ್ಸು ಹತ್ತಿ ಸೋನೌಲಿ ಗಡಿ ದಾಟಿ ಬಂದಿರುತ್ತಾರೆ. ಠಾಣೆಯ ಮೆಟ್ಟಿಲು ಹತ್ತಬೇಕಾದವರು ಅಲ್ಲಿನ ಪಾಸ್ಟರ್, ಆ ಮುಖ್ಯ ಗುರುಗಳು.

ಪಾಠಕ್ಕೆ ಬಂದಿದ್ದೇವೆ ಎಂದು ಹೇಳಿದ ಮೇಲೆ ಪಾಠವನ್ನೇ ಮಾಡಬೇಕು. ವಿಬಿಎಸ್ ಬೇಕೇ ಬೇಡವೇ ಎಂದು ಅಲ್ಲಿನ ಸಭೆ ತೀರ್ಮಾನಿಸಲಿ. ನಡೆಸುವುದಾದರೆ ಸಭೆಯ ಕುಟುಂಬಗಳ ಮಕ್ಕಳಿಗೆ, ಅಪ್ಪ ಅಮ್ಮ ಕೂತಿರುವಾಗ. ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ನಿಮ್ಮ ಮಗಳು ಮುಚ್ಚಿಡಬೇಕಿಲ್ಲ. ಇಂಗ್ಲಿಷ್ ಪಿರಿಯಡ್ಡನ್ನು ಮಾತ್ರ ಅದಕ್ಕೆ ಬಳಸಬಾರದು.

ಕಾರ್ಯಕ್ರಮದ ಪಟ್ಟಿಯಲ್ಲಿ ಅನಾಥಾಲಯದ ಭೇಟಿ ಇದ್ದರೆ ತೆಗೆಸಿಬಿಡಿ. ಕಾಂಬೋಡಿಯಾದಲ್ಲಿ, ನೇಪಾಳದಲ್ಲಿ ಅಂಥ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆಂಬುದು ಯುನಿಸೆಫ್ ಮುಂತಾದವರ ಸಮೀಕ್ಷೆಗಳಿಂದ ಗೊತ್ತಾಗಿದೆ. ಅತಿಥಿಗಳ ಹಣ ಬರುತ್ತದೆಂದೇ ಹಳ್ಳಿಯ ಬಡವರ ಮಕ್ಕಳನ್ನು ತಂದಿಟ್ಟುಕೊಂಡ ಪ್ರಕರಣಗಳು ಬಯಲಾಗಿವೆ. ಅರ್ಧ ದಿನ ಎತ್ತಿ ಆಡಿಸಿ ಹೊರಟುಬಿಡುವವರು ಆ ಮಕ್ಕಳಿಗೆ ಬೇಕಿಲ್ಲ. ಮಕ್ಕಳ ಫೋಟೊ ಸ್ಟೇಟಸ್‌ಗೆ ಹಾಕುವುದೂ ಬೇಡ. ನಮ್ಮ ಮನೆಯ ಕೂಸಿನ ಮುಖವನ್ನು ಗುರುತಿಲ್ಲದವರು ಹಾಗೆ ಹಂಚಿಕೊಂಡರೆ ಸುಮ್ಮನಿರುತ್ತೇವೆಯೇ?

ಇನ್ನು ನಿಮ್ಮ ಯಜಮಾನರ ಮಾತು. ಅದನ್ನು ತಳ್ಳಿಹಾಕಲಾರೆ. ಸುಗ್ಗಿ ಮುಗಿಯುತ್ತಲೇ ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವ ಮನೆಗಳ ಮಕ್ಕಳು ಹಾಜರಿ ಪುಸ್ತಕದಲ್ಲಿ ಬರೀ ಹೆಸರಾಗಿ ಉಳಿಯುತ್ತಾರೆ. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ಊರಲ್ಲೇ ಇದ್ದ ಮಕ್ಕಳೂ ಹೊಲದಲ್ಲಿರುತ್ತಾರೆ. ತಿರುಗಿ ಶಾಲೆಗೆ ಬಂದರೆ ತರಗತಿ ಮುಂದೆ ಹೋಗಿರುತ್ತದೆ. ನಾಲ್ಕನೇ ತರಗತಿಯ ಹುಡುಗಿ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾಳೆ. ಯಜಮಾನರು ಓಣಿಯ ಮಕ್ಕಳು ಎಂದದ್ದು ಇವರನ್ನೇ. ಆದರೆ ಇಲ್ಲಿ ಮಾಡಿದರೆ ಅಲ್ಲಿ ಬೇಡ, ಅಲ್ಲಿ ಮಾಡಿದರೆ ಇಲ್ಲಿ ಬೇಡ ಎಂಬ ವಾದ ನನಗೆ ಹಿಡಿಸುವುದಿಲ್ಲ. ದೂರದವರು ತಮ್ಮೂರಷ್ಟೇ ಸಾಕು ಎಂದುಕೊಂಡಿದ್ದರೆ ಬಳ್ಳಾರಿಯಲ್ಲಿ ಆ ಮುದ್ರಣಾಲಯ ಇರುತ್ತಿರಲಿಲ್ಲ. ನನ್ನ ಸಲಹೆ ಇಷ್ಟು: ಈ ಹನ್ನೆರಡು ಮಂದಿ ಈಗಿನಿಂದ ಮೇ ತನಕ ಶನಿವಾರ ಮಧ್ಯಾಹ್ನ ನಿಮ್ಮ ಓಣಿಯ ಮಕ್ಕಳನ್ನು ಕೂಡಿಸಿ ಓದಿಸಲಿ, ಒಬ್ಬೊಬ್ಬರು ಎರಡೆರಡು ಮಕ್ಕಳ ಜವಾಬ್ದಾರಿ ಹೊರಲಿ. ನಾಲ್ಕು ವಾರಕ್ಕೇ ಬೇಸತ್ತು ಬಿಟ್ಟವರನ್ನು ನೇಪಾಳಕ್ಕೆ ಕರೆದೊಯ್ಯಬಾರದು. ಜೂನ್‌ನಲ್ಲಿ ಶಾಲೆ ಶುರುವಾದಾಗ ಅದೇ ಮಕ್ಕಳ ಬಳಿಗೆ ತಿರುಗಿ ಬರಬೇಕು. ಯಜಮಾನರು ಇದನ್ನು ಒಪ್ಪುತ್ತಾರೆಂದು ನನಗನ್ನಿಸುತ್ತದೆ. ಅವರನ್ನೇ ಶನಿವಾರದ ಉಸ್ತುವಾರಿಗೆ ಕೂರಿಸಿದರೂ ಆಗುತ್ತದೆ.

ಕಾಣಿಕೆಯ ಹಣದ ಬಗ್ಗೆ ನೀವು ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಯಾಕೆ? ಕೂಲಿ ಮಾಡಿ ಬಂದ ಹೆಂಗಸು ಸೆರಗಿನ ಗಂಟು ಬಿಚ್ಚಿ ಹಾಕಿದ ಹಣ ಅದು. ಎಷ್ಟು ಬಂತು, ರೈಲಿಗೆ ಎಷ್ಟು, ಊಟಕ್ಕೆ ಎಷ್ಟು, ಶಾಲೆಗೆ ಎಷ್ಟು ಎಂಬುದು ಸಭೆಯ ನೋಟಿಸ್ ಬೋರ್ಡಿನಲ್ಲಿ ಬರಲಿ. ಹೋಗುವವರೂ ಟ್ಯೂಷನ್ ಹೇಳಿಯೋ ರಜೆಯಲ್ಲಿ ದುಡಿದೋ ತಮ್ಮ ಪಾಲು ಹಾಕಲಿ. ಪಾಸ್ಟರು ಆ ಶಾಲೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಜನ ಬರುವ ಬದಲು ಇದೇ ಹಣ ನಿಮ್ಮ ಶಿಕ್ಷಕರ ಸಂಬಳಕ್ಕೆ ಬಂದರೆ ಹೆಚ್ಚು ಅನುಕೂಲವೇ? ಹೌದು ಎಂಬ ಉತ್ತರ ಬಂದರೆ ಮನಸ್ಸು ಗಟ್ಟಿ ಮಾಡಿ ಪ್ರಯಾಣ ನಿಲ್ಲಿಸಬೇಕು. ನಿಮ್ಮ ಮಗಳು ಅಳಬಹುದು. ಆ ಶಾಲೆಗೆ ಸಹಾಯ ಮಾಡಬೇಕೆಂದೇ ಅಲ್ಲವೇ ಅವಳು ಹೊರಟದ್ದು, ಸಮಾಧಾನ ಮಾಡಿ.

ಹೋಗುವುದೆಂದು ಗೊತ್ತಾದರೆ, ಹೆಣ್ಣುಮಕ್ಕಳ ಜೊತೆ ವಯಸ್ಸಾದ ಒಬ್ಬ ಅಕ್ಕನಾದರೂ ಇರಬೇಕೆಂದು ಹಟ ಹಿಡಿಯಿರಿ. ಉಳಿಯುವ ಮನೆಯವರ ಫೋನ್ ನಂಬರು ನಿಮ್ಮ ಕೈಯಲ್ಲಿರಲಿ, ಹೊರಡುವ ಮುಂಚೆಯೇ ಒಮ್ಮೆ ಅವರೊಡನೆ ಮಾತಾಡಿ. ನೇಪಾಳಕ್ಕೆ ಹೋಗುವ ದೊಡ್ಡವರಿಗೆ ಆಧಾರ್ ಸಾಲದು. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಕಾಲೇಜು ಮಕ್ಕಳಲ್ಲಿ ಎರಡೂ ಇಲ್ಲದವರು ಬಹಳ. ನಿಮ್ಮ ಮಗಳಿಗೆ ಇನ್ನೂ ಆಗಿಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿಸಿ, ಕೈಗೆ ಬರಲು ಸಮಯ ಹಿಡಿಯುತ್ತದೆ.

— ಸಂಪಾದಕ