ಪಕ್ಕದವರ ಬೋರ್, ನಮ್ಮ ಒಣಗಿದ ಬಾವಿ

ನಾಗಮಂಗಲ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: ತಾತನ ಕಾಲದ ತೆರೆದ ಬಾವಿಯನ್ನು ನಂಬಿ ಅವರು ತೆಂಗು, ತರಕಾರಿ ಬೆಳೆಯುತ್ತಿದ್ದರು. ಪಕ್ಕದ ಜಮೀನಿನವರು ಬದುವಿನ ಅಂಚಿನಲ್ಲೇ ಆಳದ ಬೋರ್ ಕೊರೆಸಿದ ಮೇಲೆ ಬಾವಿ ಬತ್ತಿತು. ಈಗ ತಾವೂ ಬೋರ್ ಹಾಕಿಸಲು ಹೊರಟರೆ, ಊರಿನ ಕುಡಿಯುವ ನೀರಿನ ಬೋರ್ ಹತ್ತಿರವಿದೆ ಎಂದು ಪಂಚಾಯಿತಿಯವರು ತಡೆದಿದ್ದಾರೆ. ‘ನನ್ನ ಜಮೀನು, ನನ್ನ ನೀರು. ಅವರಿಗೊಂದು ನ್ಯಾಯ, ನನಗೊಂದು ನ್ಯಾಯವೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ‘ನನ್ನ ನೀರು’ ಅಂದಿರಲ್ಲ, ತೊಡಕು ಇರುವುದು ಅಲ್ಲಿ. ಅಕ್ಕಪಕ್ಕದ ಜಮೀನುಗಳವರ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಗೊತ್ತಾದ ಹರಿವಿಲ್ಲದೆ ನೆಲದಡಿ ಜಿನುಗುವ ನೀರನ್ನು ಜಮೀನಿನ ಮಾಲೀಕ ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳಬಹುದು. ಕಾಯ್ದೆ ಕೊಟ್ಟಿರುವುದು ತೆಗೆಯುವ ಹಕ್ಕನ್ನು. ಬಾವಿಯಲ್ಲಿ ನೀರು ಉಳಿದೇ ಇರಬೇಕು ಎಂಬ ಹಕ್ಕನ್ನಲ್ಲ. ಇದೇ ಹಕ್ಕು ಪಕ್ಕದವರಿಗೂ ಇದೆ. ಅವರ ಕೊಳವೆ ಜಾಸ್ತಿ ಆಳಕ್ಕೆ ಹೋಗಿದೆ, ಅಷ್ಟೆ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಗಣಿ ತೋಡಿದ್ದರಿಂದ ಪಕ್ಕದ ಗಿರಣಿಯವನ ಬಾವಿ ಬತ್ತಿತ್ತು. 1843ರಲ್ಲಿ ಅವನು ಕೇಸು ಸೋತ. ಆ ಹಳೇ ಯೋಚನೆಯ ನೆರಳು ನಮ್ಮ ಕಾನೂನಿನ ಮೇಲೂ ಇದೆ. ಹಾಗಾಗಿ ‘ನನ್ನ ಬಾವಿ ಬತ್ತಿತು’ ಎಂಬ ಒಂದೇ ಕಾರಣ ಹಿಡಿದು ಕೋರ್ಟಿಗೆ ಹೋಗಬೇಡಿ. ಸುಮ್ನೆ ದುಡ್ಡು ಖರ್ಚು.

ಈಗ ಪಂಚಾಯಿತಿಯ ಮಾತು. ಅದು ನಿಮ್ಮ ಮೇಲಿನ ಹಗೆಯೇನಲ್ಲ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1999ರ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ, ಬೋರ್ ಕೊರೆಸುವಂತಿಲ್ಲ. ಜಮೀನು ಯಾರದೇ ಆಗಿರಲಿ. ಆದರೆ ಒಂದು ಮಾತು ಗಮನಿಸಿ. ನಿಮ್ಮ ಜಾಗ ಆ 500 ಮೀಟರ್ ಒಳಗಿದ್ದರೆ, ಬದುವಿನ ಅಂಚಿನಲ್ಲಿರುವ ಅವರ ಬೋರ್ ಕೂಡ ಬಹುಶಃ ಒಳಗೇ ಇರುತ್ತದೆ, ಅಲ್ವಾ? ಅದನ್ನು ಯಾವಾಗ ಕೊರೆಸಿದರು, ಆಗ ಊರಿನ ಬೋರ್ ಇತ್ತೇ, ಅನುಮತಿ ಪಡೆದಿದ್ದರೇ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ. ನಿಮ್ಮ ಕೈಯಲ್ಲಿರುವ ಗಟ್ಟಿ ಪ್ರಶ್ನೆ ಇದೊಂದೇ.

ಇದಲ್ಲದೆ 2011ರ ಅಂತರ್ಜಲ ಕಾಯ್ದೆಯೂ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಹೊಸ ಬೋರಿಗೆ ಪರವಾನಗಿ ಬೇಕೇ ಬೇಕು. ಮಂಡ್ಯದ ಅಂತರ್ಜಲ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ವಿಚಾರಿಸಿ, ಆಮೇಲೆ ಬೋರ್ ಕೊರೆಯುವ ರಿಗ್ ಲಾರಿ ಕರೆಸಿ.

ಶ್ರೀರಂಗಪಟ್ಟಣ, ಮದ್ದೂರಿನ ನಾಲೆ ಬಯಲಿನವರಿಗೆ ನಿಮ್ಮ ಕಷ್ಟ ಪೂರ್ತಿ ಅರ್ಥವಾಗಲಿಕ್ಕಿಲ್ಲ. ಅಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಯಲ್ಲಿ ಇಂಗಿ ಬಾವಿಗೆ ಬರುತ್ತದೆ. ನಿಮ್ಮ ಕಡೆ ಹೆಚ್ಚಾಗಿ ಮಳೆ, ಕೆರೆಯೇ ಗತಿ. ಕೆಳಗೆ ಗಟ್ಟಿ ಬಂಡೆ. ತೆರೆದ ಬಾವಿಗೆ ನೀರು ಬರುವುದು ಬಂಡೆ ಸವೆದು ಸಡಿಲವಾದ ಮೇಲಿನ ಪದರದಿಂದ. ಆಳದ ಬೋರ್ ಬಂಡೆಯ ಬಿರುಕಿನಿಂದ ಎಳೆಯುತ್ತದೆ. ಬಿರುಕಿಗೂ ಮೇಲಿನ ಪದರಕ್ಕೂ ಸಂಪರ್ಕವಿದ್ದರೆ ಮೇಲಿನ ನೀರು ಕೆಳಗಿಳಿಯುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲದಿರುವಾಗ ಮೋಟರ್ ಆರಿಸುವ ಅವಸರವಾದರೂ ಯಾರಿಗೆ? ನೀವೂ ಕೊರೆಸಿದರೆ ನಾಳೆ ಅವರು ಇನ್ನೂ ಕೆಳಗೆ ಹೋಗುತ್ತಾರೆ. ಈ ಪೈಪೋಟಿಯಲ್ಲಿ ಗೆಲ್ಲುವುದು ರಿಗ್ ಮಾಲೀಕ ಮಾತ್ರ.

ನನ್ನನ್ನು ಕೇಳಿದರೆ, ಮೊದಲು ಪಕ್ಕದವರ ಜೊತೆ ಕೂತು ಮಾತಾಡಿ. ಅವರ ಬೋರಿನಿಂದ ವಾರಕ್ಕಿಷ್ಟು ಸರದಿ ಎಂದು ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ, ಬರಹಕ್ಕಿಳಿಸಿ ನೋಂದಣಿ ಮಾಡಿಸಿ. ಮಕ್ಕಳ ಕಾಲಕ್ಕೆ ಜಗಳ ತಪ್ಪುತ್ತದೆ. ತಾತನ ಬಾವಿಗೆ ಮಣ್ಣು ತುಂಬಬೇಡಿ. ಹೊಲದ ಮಳೆನೀರನ್ನು ಹೂಳು ಸೋಸುವ ಗುಂಡಿಯ ಮೂಲಕ ಅದಕ್ಕೆ ಬಿಡಿ.

ಇಷ್ಟಾದ ಮೇಲೂ ಬೋರೇ ಬೇಕು ಎನಿಸಿ, ಅನುಮತಿಯೂ ಸಿಕ್ಕಿತು ಅನ್ನಿ. ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದಂತೆ, ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ಬರೆದು ತಿಳಿಸಿ. ಕೆಲಸ ನಡೆಯುವಾಗ ಸುತ್ತ ಬೇಲಿ ಇರಲಿ. ನೀರು ಬರದೆ ಬಿಟ್ಟರೆ ಆ ಕೊಳವೆಯನ್ನು ತಳದಿಂದ ನೆಲಮಟ್ಟದವರೆಗೂ ಮುಚ್ಚಿಸಿಯೇ ಲಾರಿಯನ್ನು ಕಳಿಸಿ.