ಮಾರ್ಕೆಟಿಂಗ್ ಏಜೆನ್ಸಿಗೆ ಕೊಡಲಾ, ಇಲ್ಲಾ ಒಬ್ಬ ಹುಡುಗನನ್ನ ಇಟ್ಟುಕೊಳ್ಳಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ, ಇದೇ ಲೆಕ್ಕ ಹಾಕುತ್ತಾ ನಾವೂ ಒಂದು ವರ್ಷ ದುಡ್ಡು ಸುಟ್ಟುಕೊಂಡಿದ್ದೇವೆ. ಮಹಾಲಿಂಗಪುರದ ಹತ್ತಿರ ನಿಮ್ಮದು ಗಾಣ ಇದೆ, ಬೆಲ್ಲ ಮತ್ತು ಬೆಲ್ಲದ ಪುಡಿ ಪ್ಯಾಕೆಟ್ ಮಾಡಿ ನೇರ ಮನೆಗಳಿಗೆ ಮಾರಬೇಕು ಅಂತಿದ್ದೀರಿ. ಆನ್‌ಲೈನ್ ಪೇಜು, ಜಾಹೀರಾತು ನೋಡಿಕೊಳ್ಳೋಕೆ ಏಜೆನ್ಸಿಯವರು ತಿಂಗಳಿಗೆ 20 ಸಾವಿರ ಕೇಳುತ್ತಿದ್ದಾರೆ, ಅಷ್ಟು ಕೊಟ್ಟರೆ ಒಬ್ಬ ಹುಡುಗನೇ ಸಿಗ್ತಾನಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಹೇಳೋದು, ಮೊದಲ ಆರು ತಿಂಗಳು ಇಬ್ಬರೂ ಬೇಡ. ಫೋನ್ ನಿಮ್ಮ ಮನೆಯವರ ಕೈಯಲ್ಲೇ ಇರಲಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮದು ತಿಕೋಟಾ ಕಡೆ ದ್ರಾಕ್ಷಿ ಪಡ. ಹಸಿ ದ್ರಾಕ್ಷಿ ಮಾರೋದು ಕಡಿಮೆ, ಮಣೂಕ ಮಾಡೋದೇ ಜಾಸ್ತಿ. ಸುಮಾರು ನಾಲ್ಕು ಕೆಜಿ ದ್ರಾಕ್ಷಿ ಒಣಗಿಸಿದರೆ ಒಂದು ಕೆಜಿ ಮಣೂಕ. ಅದನ್ನ ಲಾರಿಗೆ ಹಾಕಿ ತಾಸಗಾಂವ್‌ಗೋ ಸಾಂಗ್ಲಿಗೋ ಕಳಿಸೋದು, ಅಲ್ಲಿನ ಹರಾಜಿನಲ್ಲಿ ಬಂದ ರೇಟಿಗೆ ತಲೆ ಅಲ್ಲಾಡಿಸೋದು. ಒಂದು ವರ್ಷ ರೇಟು ಮಲಗಿಬಿಟ್ಟಿತು. ಅಣ್ಣ ಸಿಟ್ಟಿಗೆದ್ದು, ಈ ಸಲ ಅರ್ಧ ಮಾಲು ನಾವೇ ಪ್ಯಾಕೆಟ್ ಮಾಡಿ ಮಾರೋಣ ಅಂದ. ಮಾರೋದು ಹೇಗೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಹಾಗಾಗಿ ಏಜೆನ್ಸಿ.

ಏಜೆನ್ಸಿಯವರು ಕೆಟ್ಟವರೇನಲ್ಲ. ಪ್ಯಾಕೆಟ್ಟಿನ ಡಿಸೈನ್ ಚೆನ್ನಾಗೇ ಮಾಡಿಕೊಟ್ಟರು, ಅದು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಮೊದಲ ತಿಂಗಳ ಪೋಸ್ಟ್ ನೋಡಿದರೆ ಎಲ್ಲಿಂದಲೋ ತಂದ ಫೋಟೋ, ಮರದ ಬಟ್ಟಲಿನಲ್ಲಿ ಕರಿ ಮಣೂಕ. ನಮ್ಮದು ಹಸಿರು ಮತ್ತು ಹಳದಿ! ಪಾರ್ಸಲ್ ಬಿಚ್ಚಿದವರು ಬೇರೆ ಮಾಲು ಕಳಿಸಿದ್ದೀರಿ ಅಂತ ಜಗಳಕ್ಕೆ ಬಂದರು. ಉಳಿದ ಪೋಸ್ಟುಗಳು ಹಬ್ಬದ ಶುಭಾಶಯ. ಜೊತೆಗೆ ಎಲ್ಲದರ ಮೇಲೂ ನೂರಕ್ಕೆ ನೂರು ಆರ್ಗ್ಯಾನಿಕ್ ಅಂತ ಬರೆದುಬಿಟ್ಟಿದ್ದರು. ಆರ್ಗ್ಯಾನಿಕ್ ಅಂತ ಬರೆದು ಮಾರಬೇಕಾದರೆ ಸಾಮಾನ್ಯವಾಗಿ ಸರ್ಟಿಫಿಕೇಟ್ ಬೇಕು, ಅದಕ್ಕೆ 2017ರಿಂದ ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ನಮ್ಮ ಹತ್ತಿರ ಅದು ಇಲ್ಲ, ಪಡಕ್ಕೆ ಔಷಧಿ ಹೊಡೆಯೋದನ್ನ ಊರೇ ನೋಡುತ್ತೆ.

ಆದರೂ ಸುಮ್ನೆ ಇದ್ದೆವು. ತಲೆ ಕೆಟ್ಟಿದ್ದು ಒಂದು ಮೆಸೇಜಿನಿಂದ. ಸೊಲ್ಲಾಪುರದ ಒಬ್ಬ ತಾಯಿ ಪೇಜಿನಲ್ಲಿ ಕೇಳಿದ್ದರು: ಈ ಹಳದಿ ಮಣೂಕಕ್ಕೆ ಗಂಧಕದ ಹೊಗೆ ಕೊಟ್ಟಿದ್ದೀರಾ, ಮಗನಿಗೆ ದಮ್ಮು ಇದೆ. ಏಜೆನ್ಸಿಯ ಹುಡುಗಿ ಉತ್ತರ ಕೊಟ್ಟಿದ್ದಳು: ಪೂರ್ತಿ ನ್ಯಾಚುರಲ್ ಮೇಡಂ, ಆರ್ಡರ್‌ಗೆ ಲಿಂಕ್ ಒತ್ತಿ, ಕೆಳಗೆ ಎರಡು ಕೈ ಮುಗಿಯುವ ಚಿತ್ರ. ನಿಜ ಏನಂದ್ರೆ ಹಳದಿ ಬಣ್ಣ ಬರೋಕೆ ಆ ಲಾಟಿಗೆ ಗಂಧಕ ಕೊಟ್ಟಿದ್ದೆವು. ಅದು ದಮ್ಮು ಇದ್ದ ಕೆಲವರಿಗೆ ಆಗಿಬರಲ್ಲ, ಉಸಿರೇ ಕಟ್ಟಬಹುದು. ರಾತ್ರಿ ಹತ್ತೂವರೆಗೆ ಅಣ್ಣ ಇದನ್ನ ನೋಡಿದ. ಊಟದ ತಾಟು ಬಿಟ್ಟು ಎದ್ದು ಆ ತಾಯಿಗೆ ಫೋನ್ ಮಾಡಿ, ಅಕ್ಕಾ, ಹಳದಿ ತಗೋಬೇಡ್ರಿ, ಹಸಿರು ತಗೋರಿ, ಅದಕ್ಕೆ ಹೊಗೆ ಕೊಟ್ಟಿಲ್ಲ ಅಂದ. ಅವರು ಆಮೇಲೆ ಎರಡು ಕೆಜಿ ಹಸಿರು ತರಿಸಿದರು.

ಆ ಹುಡುಗಿಯದು ತಪ್ಪು ಅಂತ ನಾನು ಹೇಳಲ್ಲ. ಅವಳು ಹತ್ತು ಅಂಗಡಿಯ ಪೇಜು ನೋಡಿಕೊಳ್ಳುತ್ತಾಳೆ, ಶೆಡ್ಡಿನ ಒಳಗೆ ಕಾಲಿಟ್ಟವಳಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ನಮಗೆ, ಉತ್ತರ ಕೊಡೋ ಕೆಲಸ ಅವಳಿಗೆ ಒಪ್ಪಿಸಿದ್ದೂ ನಾವೇ. ನಿಮಗೂ ಇದೇ ಆಗುತ್ತೆ ನೋಡಿ. ಬೆಲ್ಲ ಕೊಳ್ಳುವವರ ಮೊದಲ ಪ್ರಶ್ನೆಯೇ ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿಯಾಗಿಸೋ ರಾಸಾಯನಿಕ) ಹಾಕ್ತೀರಾ ಅಂತ. ಎರಡನೇದು, ಇಷ್ಟು ಕಪ್ಪಗೆ ಯಾಕಿದೆ. ಹೈಡ್ರೋಸ್ ಹಾಕದ ಬೆಲ್ಲ ಕಂದು ಬಣ್ಣಕ್ಕೆ ತಿರುಗೋದು ಸಹಜ, ರಸದ ಮಡ್ಡಿ ತೆಗೆಯೋಕೆ ಬೆಂಡಿ ಗಿಡದ ಲೋಳೆ ಹಾಕ್ತಾರೆ, ಇವೆಲ್ಲ ಕೊಪ್ಪರಿಗೆ ಮುಂದೆ ನಿಂತವರಿಗೆ ಗೊತ್ತಿರೋ ಮಾತು. ಹೊರಗಿನವರಿಗೆ ಒಂದು ಸಲ ಹೇಳಿಕೊಟ್ಟರೂ ಮೂರನೇ ಪ್ರಶ್ನೆಗೆ ಮುಗ್ಗರಿಸ್ತಾರೆ.

ಇನ್ನು ದುಡ್ಡು. ಏಜೆನ್ಸಿ ಫೀಸು 20 ಸಾವಿರ ಅಂದರಲ್ವಾ, ಅದು ಬರೀ ಅವರ ಕೂಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಕಟ್ಟೋ ಜಾಹೀರಾತಿನ ದುಡ್ಡು ಬೇರೆ. ನಾವು 15 ಸಾವಿರ ಕಟ್ಟುತ್ತಿದ್ದೆವು. ಒಟ್ಟು 35 ಸಾವಿರ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 41,300. ನಮಗೆ ಒಂದು ಕೆಜಿಗೆ ಎಲ್ಲಾ ಖರ್ಚು ಕಳೆದು ಉಳಿಯೋದು 80 ರೂಪಾಯಿ. ಅಂದರೆ ತಿಂಗಳಿಗೆ ಸುಮಾರು 516 ಕೆಜಿ ಮಾರಿದರೆ ಏಜೆನ್ಸಿ ಖರ್ಚಿಗೆ ಸರಿ, ನಮ್ಮ ಕೈಗೆ ಸೊನ್ನೆ. ಎರಡು ಟನ್ ಹಸಿ ದ್ರಾಕ್ಷಿ ಬರೀ ಪೋಸ್ಟ್ ಹಾಕೋಕೆ ಹೋದ ಹಾಗೆ! ಆದರೆ ಮೊದಲ ತಿಂಗಳು ನಾವು ಮಾರಿದ್ದು ಬರೀ 38 ಕೆಜಿ. ಜಿಎಸ್‌ಟಿ ನಂಬರ್ ಇದ್ದರೆ ಆ ತೆರಿಗೆಯಲ್ಲಿ ವಾಪಸ್ ಹಿಡಿದುಕೊಳ್ಳೋಕೆ ಆಗುತ್ತಾ ಅಂತ ನಿಮ್ಮ ಆಡಿಟರ್ ಹತ್ತಿರ ಕೇಳಿ, ಆದರೂ ಲೆಕ್ಕ ಅಷ್ಟೇನೂ ಬದಲಾಗಲ್ಲ. ನಿಮ್ಮ ಬೆಲ್ಲಕ್ಕೆ ಕೆಜಿಗೆ ಎಷ್ಟು ಉಳಿಯುತ್ತೆ ಅಂತ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. 20 ರೂಪಾಯಿ ಅಂದರೆ ಇದೇ ಖರ್ಚಿಗೆ ಎರಡು ಟನ್ನಿಗಿಂತ ಜಾಸ್ತಿ ಬೆಲ್ಲ ಹೋಗಬೇಕು, ಪ್ರತಿ ತಿಂಗಳು.

ಹುಡುಗನನ್ನ ಇಟ್ಟುಕೊಂಡ ಕಥೆ ಚಿಕ್ಕದು. ಏಜೆನ್ಸಿ ಬಿಟ್ಟ ಮೇಲೆ ವಿಜಯಪುರದ ಒಬ್ಬನನ್ನ 15 ಸಾವಿರಕ್ಕೆ ಇಟ್ಟುಕೊಂಡೆವು. ಒಳ್ಳೆ ಹುಡುಗ. ಶೆಡ್ಡಿಗೆ ಬಂದು, ಜಾಳಿಗೆ ಮೇಲೆ ದ್ರಾಕ್ಷಿ ಹರಡೋದನ್ನ, ಗೊನೆಗಳನ್ನ ಡಿಪ್ಪಿಂಗ್ ಎಣ್ಣೆಯಲ್ಲಿ ಅದ್ದಿ ತೆಗೆಯೋದನ್ನ ರೀಲ್ ಮಾಡಿದ. ಜನ ನೋಡಿದರು, ಆರ್ಡರೂ ಬಂತು. ಎಂಟು ತಿಂಗಳಿಗೆ ಪುಣೆಯಲ್ಲಿ ಡಬಲ್ ಸಂಬಳ ಸಿಕ್ಕಿತು, ಹೋದ. ಹೋಗಲಿ ಬಿಡಿ, ನಾನಿದ್ದರೂ ಹೋಗ್ತಿದ್ದೆ. ಆದರೆ ಪೇಜು ಅವನ ಜಿಮೇಲಿನಲ್ಲಿ, ಓಟಿಪಿ ಅವನ ನಂಬರಿಗೆ. ಮೂರು ವಾರ ಅವನಿಗೆ ಫೋನ್ ಮಾಡ್ತಾ ಕೂತೆವು.

ಈಗ ನಡೆಸ್ತಿರೋದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ. ಅದು ಪುಕ್ಕಟೆ, ಮಾಲಿನ ಫೋಟೋ ರೇಟು ಹಾಕೋಕೆ ಕ್ಯಾಟಲಾಗ್ ಇದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹೆಸರು ಸೇರಿಸೋದೂ ಪುಕ್ಕಟೆ, ಮೊದಲು ಅದನ್ನ ಮಾಡಿಕೊಳ್ಳಿ. ಆರ್ಡರ್ ಕೊಟ್ಟವರಿಗೆಲ್ಲ ವೈನಿ ಒಂದು ಮಾತು ಹೇಳ್ತಾರೆ, ನಮ್ಮ ನಂಬರ್ ಸೇವ್ ಮಾಡಿಕೊಳ್ರಿ ಅಂತ, ಯಾಕಂದ್ರೆ ಸೇವ್ ಮಾಡದವರಿಗೆ ಒಂದೇ ಸಲ ಬಹಳ ಜನರಿಗೆ ಕಳಿಸೋ ಬ್ರಾಡ್‌ಕಾಸ್ಟ್ ಮೆಸೇಜು ಮುಟ್ಟೋದೇ ಇಲ್ಲ. ಹೊಸ ಮಾಲು ಬಂದಾಗ ಒಂದು ಮೆಸೇಜು, ಕೈಯಲ್ಲಿ ಮಣೂಕ ಹಿಡಿದ ಒಂದು ಫೋಟೋ, ಬಿಸಿಲಲ್ಲಿ ತೆಗೆದದ್ದು. ಮತ್ತೆ ತರಿಸಿಕೊಳ್ಳೋರು ಬಹಳ ಜನ ಈ ದಾರಿಯಲ್ಲೇ ಬರ್ತಾರೆ. ವೈನಿಗೆ ಇದಕ್ಕೆ ಸಂಬಳ ಕೊಡ್ತೀವಿ, ಮನೆಯವರು ಅಂತ ಪುಕ್ಕಟೆ ದುಡಿಸಿಕೊಂಡರೆ ಆರು ತಿಂಗಳೂ ನಡೆಯಲ್ಲ.

ಏಜೆನ್ಸಿ ಪೂರ್ತಿ ಬಿಟ್ಟಿಲ್ಲ, ಅದನ್ನೂ ಹೇಳ್ತೀನಿ. ದಸರಾದಿಂದ ದೀಪಾವಳಿವರೆಗೆ ಜಾಹೀರಾತು ಹಾಕೋದಕ್ಕೆ ಮಾತ್ರ ಒಬ್ಬರನ್ನ ಹಿಡೀತೀವಿ. ಯಾವ ಊರಿನವರಿಗೆ, ಯಾವ ವಯಸ್ಸಿನವರಿಗೆ ತೋರಿಸಬೇಕು, ಯಾವ ಜಾಹೀರಾತು ನಿಲ್ಲಿಸಬೇಕು ಅನ್ನೋ ಕೆಲಸ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಪೇಜು, ಜಾಹೀರಾತಿನ ಖಾತೆ ಎರಡೂ ನಮ್ಮ ಹೆಸರಲ್ಲಿ. ಅವರಿಗೆ ಪಾರ್ಟ್‌ನರ್ ಅಂತ ಆ ಖಾತೆಗಳಿಗೆ ಪ್ರವೇಶ ಕೊಟ್ಟಿದ್ದೀವಿ ಅಷ್ಟೇ, ಬೇಡ ಅಂದಾಗ ತೆಗೆಯಬಹುದು. ಜಾಹೀರಾತಿನ ದುಡ್ಡು ನಮ್ಮ ಕಾರ್ಡಿನಿಂದಲೇ ನೇರ ಕಟ್ ಆಗುತ್ತೆ, ಅವರ ಕೈಗೆ ಕೊಡಲ್ಲ. ಉತ್ತರ ಕೊಡೋ ಕೆಲಸವಂತೂ ಕೊಡಲ್ಲ. ಇದಕ್ಕೆ ಒಪ್ಪದ ಏಜೆನ್ಸಿ ಎಷ್ಟೇ ಕಡಿಮೆಗೆ ಬಂದರೂ ಚಾ ಕುಡಿಸಿ ಕಳಿಸಿಬಿಡಿ. ಲೈಕು ಎಷ್ಟು, ವ್ಯೂ ಎಷ್ಟು ಅಂತ ಬಣ್ಣಬಣ್ಣದ ರಿಪೋರ್ಟ್ ತರ್ತಾರೆ, ಎಷ್ಟು ಕೆಜಿ ಹೋಯ್ತು ಅಂತ ಒಂದೇ ಪ್ರಶ್ನೆ ಕೇಳಿ.

ಅಂದಹಾಗೆ, ಬೆಲ್ಲದ ಪುಡಿ ಮಳೆಗಾಲದಲ್ಲಿ ಕೊರಿಯರ್ ಹಾಕೋ ಮುಂಚೆ ನಿಮ್ಮ ನೆಂಟರ ಮನೆಗೆ ಒಂದೆರಡು ಪ್ಯಾಕೆಟ್ ಕಳಿಸಿ ನೋಡಿ. ತೇವ ಹೀರಿ ಇಟ್ಟಿಗೆ ಥರ ಗಟ್ಟಿಯಾಗಿ ಮುಟ್ಟಿತು ಅಂದರೆ, ಏಜೆನ್ಸಿಯ 20 ಸಾವಿರವನ್ನ ಮೊದಲು ಪ್ಯಾಕಿಂಗ್‌ಗೆ ಹಾಕಿ.