ಆಪ್ಷನ್ ಎಂಟ್ರಿ: ಬೇಕಾದ ಕಾಲೇಜನ್ನು ಮೇಲೆ ಹಾಕಲು ಭಯ ಯಾಕೆ?

ಸಿಇಟಿ ರಿಸಲ್ಟ್ ಬಂದ ದಿನದಿಂದ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಿದೆ: ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಆನ್‌ಲೈನ್‌ನಲ್ಲಿ ಸಾಲಾಗಿ ಹಾಕುವಾಗ, ಸಿಗುವುದು ಕಷ್ಟ ಅನ್ನಿಸುವುದನ್ನು ಮೇಲೆ ಹಾಕಬಹುದಾ? ಹೋದ ವರ್ಷವೂ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ಹೇಳಿ ಹೇಳಿ ಸಾಕಾಗಿದೆ. ಆದರೂ ಪ್ರತಿ ವರ್ಷ ಒಂದಷ್ಟು ಮಕ್ಕಳು ಅದೇ ಗುಂಡಿಗೆ ಬೀಳುತ್ತಾರೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೇ. ಲಾಗಿನ್ ಆಗುವುದು, ಕಾಲೇಜು ಹುಡುಕಿ ಸೇರಿಸುವುದು ನಿಮಗೆ ಗೊತ್ತು ಅಂತಲೇ ಮುಂದೆ ಹೋಗುತ್ತೇನೆ.

ಪ್ರಶ್ನೆ: ಸರ್, ನನ್ನ ಎಂಜಿನಿಯರಿಂಗ್ ರ‍್ಯಾಂಕ್ 31 ಸಾವಿರದ ಹತ್ತಿರ ಇದೆ. ಮೈಸೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಆಸೆ. ಹೋದ ವರ್ಷದ ಕಟಾಫ್ (ಕೊನೆಯ ಸೀಟು ಸಿಕ್ಕವರ ರ‍್ಯಾಂಕ್) ನೋಡಿದರೆ ಸಿಗುವುದು ಕಷ್ಟ. ಅದನ್ನು ಮೊದಲು ಹಾಕಿದರೆ ಊರಿಗೆ ಹತ್ತಿರದ ಕಾಲೇಜೂ ಕೈತಪ್ಪುತ್ತದೆ, ಸೇಫ್ ಆಗಿರುವುದನ್ನೇ ಒಂದನೇ ಆಪ್ಷನ್ ಮಾಡು ಅಂತ ಸೈಬರ್ ಸೆಂಟರ್‌ನವರು ಹೇಳುತ್ತಿದ್ದಾರೆ. ಏನು ಮಾಡಲಿ? (ವಿದ್ಯಾರ್ಥಿನಿ, ಹಿರಿಯೂರು)

ಇಲ್ಲಮ್ಮ, ಕೈತಪ್ಪುವುದಿಲ್ಲ. ಮೈಸೂರನ್ನೇ ಮೊದಲು ಹಾಕು.

ಸೀಟು ಹಂಚುವುದು ಹೇಗೆ ಅಂತ ಒಂದು ಸಲ ಸರಿಯಾಗಿ ತಿಳಿದುಕೊಂಡರೆ ಈ ಭಯ ಹೋಗುತ್ತದೆ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ಮೊದಲ ರ‍್ಯಾಂಕಿನವರ ಪಟ್ಟಿ ತೆಗೆದುಕೊಳ್ಳುತ್ತದೆ. ಅವರ ಒಂದನೇ ಆಪ್ಷನ್‌ನಲ್ಲಿ ಸೀಟಿದೆಯಾ ನೋಡುತ್ತದೆ. ಇದ್ದರೆ ಕೊಟ್ಟು ಮುಂದಿನವರಿಗೆ ಹೋಗುತ್ತದೆ. ಇಲ್ಲದಿದ್ದರೆ ಅವರದೇ ಎರಡನೆಯದು, ಮೂರನೆಯದು. ಹೀಗೆ ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. 31 ಸಾವಿರಕ್ಕೆ ಬಂದಾಗ ನಿನ್ನ ಪಟ್ಟಿ ತೆರೆಯುತ್ತದೆ. ಮೈಸೂರಿನ ಸೀಟು ಮುಗಿದಿದ್ದರೆ ನಿನ್ನ ಎರಡನೇ ಸಾಲಿಗೆ ಇಳಿಯುತ್ತದೆ. ನಿನ್ನ ಇಡೀ ಪಟ್ಟಿ ನೋಡಿದ ಮೇಲೆಯೇ ನಿನ್ನ ಹಿಂದಿನವರ ಸರದಿ. 32 ಸಾವಿರ ರ‍್ಯಾಂಕಿನ ಹುಡುಗ ನಿಮ್ಮೂರಿನ ಹತ್ತಿರದ ಕಾಲೇಜನ್ನು ಒಂದನೇ ಆಪ್ಷನ್ ಮಾಡಿಕೊಂಡಿರಬಹುದು. ನೀನು ಅದನ್ನೇ 14ನೆಯದಾಗಿ ಹಾಕಿರಬಹುದು. ಆದರೂ ಇಬ್ಬರಿಗೂ ಅರ್ಹತೆ ಇರುವ ಸೀಟಾದರೆ ಅದು ಮೊದಲು ನಿನಗೇ. ಇಲ್ಲಿ ಲೆಕ್ಕಕ್ಕೆ ಬರುವುದು ರ‍್ಯಾಂಕ್ ಮತ್ತು ಮೀಸಲಾತಿ ಮಾತ್ರ. ಯಾರು ಎಷ್ಟನೇ ನಂಬರಿನಲ್ಲಿ ಹಾಕಿದರು ಅನ್ನುವುದು ಅಲ್ಲ.

ಇದನ್ನು ಅರ್ಥ ಮಾಡಿಕೊಳ್ಳದೆ 50 ರೂಪಾಯಿ ತೆಗೆದುಕೊಂಡು 'ಸೇಫ್ ಲಿಸ್ಟ್' ಮಾಡಿಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮೂರು ವರ್ಷದ ಹಿಂದೆ ಚಳ್ಳಕೆರೆ ಕಡೆಯ ಒಬ್ಬ ಹುಡುಗ ಅಪ್ಪನ ಜೊತೆ ನಮ್ಮ ಮನೆಗೆ ಬಂದಿದ್ದ. ಅಪ್ಪ ಈರುಳ್ಳಿ ಬೆಳೆಗಾರ. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಪ್ರಿಂಟೌಟ್ ತೆಗೆದು ಮೇಜಿನ ಮೇಲೆ ಬಿಡಿಸಿದರು. ಒಂದನೇ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು. ಊರಿಗೆ ಹತ್ತಿರದ ಕಾಲೇಜು, ಹುಡುಗನಿಗೆ ಬೇಡದ ಬ್ರಾಂಚು. ಅವನಿಗೆ ಬೇಕಾದದ್ದು ನಾಲ್ಕನೇ ಸಾಲಿನಲ್ಲಿ ಕೂತಿತ್ತು. ಅದೇ ಕೆಟಗರಿಯ ಅವನ ಕ್ಲಾಸ್‌ಮೇಟ್, ರ‍್ಯಾಂಕಿನಲ್ಲಿ ಇವನಿಗಿಂತ ಹಿಂದೆ ಇದ್ದವನು, ಆ ನಾಲ್ಕನೇ ಸಾಲಿನ ಸೀಟು ಪಡೆದಿದ್ದ. ಇವನಿಗೆ ಒಂದನೇ ಆಪ್ಷನ್ನೇ ಸಿಕ್ಕಿದ್ದರಿಂದ ಕಂಪ್ಯೂಟರ್ ಮುಂದೆ ನೋಡಿಯೇ ಇರಲಿಲ್ಲ. ಅಪ್ಪ ಪ್ರಿಂಟೌಟನ್ನು ಮತ್ತೆ ಹಾಗೇ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಹಾಗಾದರೆ ಪಟ್ಟಿ ಮಾಡುವುದು ಹೇಗೆ? ನಾನು ಮಕ್ಕಳಿಂದ ಮಾಡಿಸುವುದು ಇಷ್ಟೇ. ಹಳೆ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡು. ಒಂದೊಂದು ಚೀಟಿಯಲ್ಲಿ ಒಂದು ಕಾಲೇಜು, ಒಂದು ಬ್ರಾಂಚು. ಅದರ ಕೆಳಗೆ ವರ್ಷದ ಫೀಸು, ಹಾಸ್ಟೆಲ್ ಇದೆಯಾ, ಊರಿಂದ ಬಸ್ ಎಷ್ಟು ಹೊತ್ತು. ಎಲ್ಲ ಚೀಟಿ ನೆಲದ ಮೇಲೆ ಹರಡಿ ಎರಡೆರಡೇ ಕೈಗೆ ತಗೋ. 'ಎರಡೂ ಸೀಟು ಸಿಕ್ಕರೆ ಯಾವುದಕ್ಕೆ ಹೋಗ್ತೀನಿ?' ಅಂತ ನಿನ್ನನ್ನೇ ಕೇಳಿಕೋ. ಗೆದ್ದದ್ದು ಮೇಲೆ, ಸೋತದ್ದು ಕೆಳಗೆ. ಈ ಹೊತ್ತಿನಲ್ಲಿ ಕಟಾಫ್ ಪುಸ್ತಕ ಮುಚ್ಚಿಡು. ಅಪ್ಪ ಅಮ್ಮ ಪಕ್ಕದಲ್ಲೇ ಕೂತಿರಲಿ, ಫೀಸಿನ ಮಾತು ಆಗಲೇ ಆಗಿಹೋಗಲಿ. ಸೀಟು ಬಂದ ಮೇಲೆ 'ಇಷ್ಟು ಕಟ್ಟೋಕಾಗಲ್ಲ' ಅಂತ ಅಳುವುದಕ್ಕಿಂತ ಇದು ವಾಸಿ.

ಕಟಾಫ್ ಬೇಕಾಗುವುದು ಪಟ್ಟಿಯ ಕೆಳಭಾಗಕ್ಕೆ. ನಿನ್ನ ರ‍್ಯಾಂಕಿಗಿಂತ ತುಂಬಾ ಹಿಂದಿನವರಿಗೂ ಹೋದ ವರ್ಷ ಸೀಟು ಸಿಕ್ಕ, ನೀನು ಸಂತೋಷವಾಗಿ ಸೇರಬಲ್ಲ ನಾಲ್ಕೈದು ಆಪ್ಷನ್ ಕೊನೆಯಲ್ಲಿ ಇರಲೇಬೇಕು. ನೋಡುವಾಗ ನಿನ್ನ ಮೀಸಲಾತಿ ಕೆಟಗರಿಯ ಕಾಲಂ ನೋಡು. 2ಎಜಿ ಅಂದರೆ ಬರೀ 2ಎ (ಹಿಂದುಳಿದ ವರ್ಗಗಳ ಒಂದು ಕೆಟಗರಿ), 2ಎಕೆ ಅಂದರೆ 2ಎ ಕನ್ನಡ ಮಾಧ್ಯಮ, 2ಎಆರ್ ಅಂದರೆ 2ಎ ಗ್ರಾಮೀಣ. ಜಿಎಂ (ಸಾಮಾನ್ಯ ವರ್ಗ), ಜಿಎಂಕೆ, ಜಿಎಂಆರ್ ಕೂಡ ಹಾಗೇ. ಗ್ರಾಮೀಣ ಅರ್ಹತೆ ಇರುವ ಮಕ್ಕಳು ಜಿಎಂ ಕಾಲಂ ಒಂದನ್ನೇ ನೋಡಿ ಬೆದರಿ ಒಳ್ಳೆ ಕಾಲೇಜನ್ನು ಹಾಕದೇ ಬಿಟ್ಟಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಯಾವ ಸುತ್ತಿನ ಕಟಾಫ್ ಅನ್ನುವುದನ್ನೂ ನೋಡು. ಮೊದಲ ಸುತ್ತಿನದೂ ಕೊನೆ ಸುತ್ತಿನದೂ ಒಂದೇ ಇರುವುದಿಲ್ಲ.

ಇನ್ನೊಂದು ಮಾತು. ಸಿಕ್ಕರೂ ಹೋಗುವುದಿಲ್ಲ ಅನ್ನುವ ಕಾಲೇಜನ್ನು ಸುಮ್ನೆ ಹಾಕಬೇಡ. ಮುಂದಿನ ಸುತ್ತಿನಲ್ಲಿ ಹೊಸದು ಸೇರಿಸಬಹುದು ಅಂತ ನಂಬಿಕೊಂಡೂ ಕೂರಬೇಡ. ಬೇಕಾದದ್ದೆಲ್ಲ ಈಗಲೇ ಹಾಕು.

ಪ್ರಶ್ನೆ: ಸೀಟು ಬಂದ ಮೇಲೆ ಚಾಯ್ಸ್ 2 ಕೊಡಲಾ, ಚಾಯ್ಸ್ 3 ಕೊಡಲಾ? (ವಿದ್ಯಾರ್ಥಿ, ಗದಗ)

ಚಾಯ್ಸ್ 1 ಅಂದರೆ ಈ ಸೀಟೇ ಸಾಕು. 2 ಅಂದರೆ ಇದೂ ಇರಲಿ, ಮೇಲಿನದಕ್ಕೂ ನೋಡುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ಸುತ್ತಿನಲ್ಲಿ ಮಾತ್ರ ನೋಡಿ. 4 ಅಂದರೆ ನಾನು ಹೊರಗೆ.

ಕೈಯಲ್ಲಿರುವ ಸೀಟಿಗೆ ಸೇರಲು ಸ್ವಲ್ಪವಾದರೂ ಮನಸ್ಸಿದ್ದರೆ 3ರ ತಂಟೆಗೆ ಹೋಗಬೇಡ. ನಾನು ಈ ವಿಷಯದಲ್ಲಿ ಜಾಸ್ತಿ ಹೆದರುವವನು, ಇರಲಿ. 3 ಕೊಟ್ಟು ಕೈ ಖಾಲಿ ಮಾಡಿಕೊಂಡು ಬಂದ ಮನೆಯವರ ಮುಂದೆ ಕೂತವನಿಗೆ ಆ ಹೆದರಿಕೆ ಬರುತ್ತದೆ.

2ರಲ್ಲೂ ಒಂದು ಅಪಾಯವಿದೆ, ಇದನ್ನು ಯಾರೂ ಹೇಳುವುದಿಲ್ಲ. ಮೇಲಿನ ಆಪ್ಷನ್ ಸಿಕ್ಕಿತು ಅಂದರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. 'ಹಳೆಯದೇ ಚೆನ್ನಾಗಿತ್ತು' ಅಂದರೆ ವಾಪಸ್ ಸಿಗುವುದಿಲ್ಲ. ಅದಕ್ಕೇ 2 ಕೊಟ್ಟ ದಿನವೇ ಪಟ್ಟಿ ತೆರೆದು, ಈಗಿನ ಸೀಟಿಗಿಂತ ಮೇಲಿರುವ ಒಂದೊಂದು ಸಾಲನ್ನೂ ನೋಡು. ಇದನ್ನು ಬಿಟ್ಟು ಅದಕ್ಕೆ ಹೋಗ್ತೀನಾ? ಇಲ್ಲ ಅನ್ನಿಸಿದ್ದನ್ನು ಅಳಿಸಿಹಾಕು. ಫೀಸು ಕಟ್ಟುವ ಕೊನೆ ದಿನ, ಡಿಪಾಸಿಟ್ ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಸೀನಿಯರ್ ಮಾತು ನಂಬಬೇಡ, ಈ ವರ್ಷದ ಪ್ರಕಟಣೆ ಓದು.

ಪ್ರಶ್ನೆ: ಪೋರ್ಟಲ್ ತೆರೆದ ತಕ್ಷಣ ಎಂಟ್ರಿ ಮಾಡಿದವರಿಗೆ ಸೀಟು ಮೊದಲು ಸಿಗುತ್ತದಂತೆ, ಹೌದಾ?

ಸುಳ್ಳು. ಕೊನೆ ದಿನದ ಕೊನೆ ಗಂಟೆವರೆಗೆ ಮಾತ್ರ ಕಾಯಬೇಡಿ, ಸರ್ವರ್ ಕೈಕೊಡುತ್ತದೆ.

ಪ್ರಶ್ನೆ: ಅಣಕು ಹಂಚಿಕೆಯಲ್ಲಿ (ನಿಜವಾದ ಹಂಚಿಕೆಗೆ ಮೊದಲು ನಡೆಯುವ ಪ್ರಾಯೋಗಿಕ ಹಂಚಿಕೆ) ನನಗೆ ಸೀಟು ಬಂದಿದೆ. ಅದು ಖಾತ್ರಿ ಅಲ್ವಾ?

ಅಲ್ಲ. ಅದನ್ನು ನೋಡಿ ನಿನ್ನ ಮುಂದಿರುವ ಸಾವಿರಾರು ಮಂದಿ ಪಟ್ಟಿ ಬದಲಿಸುತ್ತಾರೆ. ನೀನೂ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೋ.

ಪ್ರಶ್ನೆ: ಮಗಳು 1ರಿಂದ 10ರವರೆಗೆ ಹಳ್ಳಿಯಲ್ಲೇ ಓದಿದಳು. ಪಿಯು ಮಾತ್ರ ಶಿವಮೊಗ್ಗದಲ್ಲಿ. ಗ್ರಾಮೀಣ ಮೀಸಲಾತಿ ಹೋಯಿತೇ?

ಇಲ್ಲ. ಅದಕ್ಕೆ ಬೇಕಾದದ್ದು ಆ 10 ವರ್ಷ, ಪಿಯು ಎಲ್ಲಿ ಅನ್ನುವುದು ಮುಖ್ಯವಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಇವತ್ತೇ ಮಾಡಿಸಿಟ್ಟುಕೊಳ್ಳಿ.

ಪ್ರಶ್ನೆ: ಪ್ರಥಮ ಪಿಯು ವಿದ್ಯಾರ್ಥಿ. ಸಿಇಟಿ ಒಂದಕ್ಕೇ ಓದಿದರೆ ಸಾಕಲ್ವಾ ಸರ್?

ಸಾಲದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕವೇ ಅರ್ಧ.

ಪ್ರಶ್ನೆ: ಒಬ್ಬರು ಏಜೆಂಟ್, ಲಾಗಿನ್ ಐಡಿ, ಪಾಸ್‌ವರ್ಡ್ ಕೊಡಿ, ಕಡಿಮೆ ರ‍್ಯಾಂಕಿಗೂ ಸರ್ಕಾರಿ ಕೋಟಾದಲ್ಲೇ ಸೀಟು ಮಾಡಿಸ್ತೀನಿ ಅನ್ನುತ್ತಿದ್ದಾರೆ. ನಂಬಬಹುದೇ? (ಪೋಷಕರು, ತುಮಕೂರು)

ದಯವಿಟ್ಟು ಬೇಡ. ಸರ್ಕಾರಿ ಕೋಟಾದ ಸೀಟನ್ನು ರ‍್ಯಾಂಕ್ ಬಿಟ್ಟು ಬೇರೆ ದಾರಿಯಲ್ಲಿ ಮಾಡಿಸಿಕೊಡಲು ಯಾರಿಗೂ ಅಧಿಕಾರವಿಲ್ಲ. ಮಕ್ಕಳ ಲಾಗಿನ್ ಹೊರಗಿನವರ ಕೈಗೆ ಹೋದರೆ ಏನಾಗುತ್ತದೆ ಅಂತ 2024ರಲ್ಲಿ ಎಲ್ಲರೂ ನೋಡಿದ್ದೇವೆ. ಸೇರುವ ಮನಸ್ಸಿಲ್ಲದ ಅಭ್ಯರ್ಥಿಗಳ ಹೆಸರಿನಲ್ಲಿ ಸೀಟು ಹಿಡಿದಿಡುತ್ತಿದ್ದ ದಂಧೆ ಬೆಂಗಳೂರಿನಲ್ಲಿ ಪೊಲೀಸ್ ಠಾಣೆವರೆಗೆ ಹೋಗಿ ಬಂಧನಗಳಾದವು. ಹಾಗೆ ಹಿಡಿದಿಟ್ಟ ಒಂದೊಂದು ಸೀಟೂ ಯಾವುದೋ ಮನೆಯ ಮಗುವಿಗೆ ಸಿಗಬೇಕಾಗಿದ್ದದ್ದು.

ಪಾಸ್‌ವರ್ಡ್ ಆಗಲೇ ಕೊಟ್ಟಿದ್ದರೆ ಈ ರಾತ್ರಿಯೇ ಬದಲಿಸಿ. ನೋಂದಾಯಿಸಿದ ಮೊಬೈಲ್ ನಂಬರ್ ನಿಮ್ಮದೋ ಸೈಬರ್ ಸೆಂಟರ್‌ನವರದೋ ನೋಡಿ. ಅವರದಾಗಿದ್ದರೆ ಒಟಿಪಿ ಅವರಿಗೇ ಹೋಗುತ್ತಿರುತ್ತದೆ. ಹಾಗಿದ್ದರೆ ನಾಳೆ ಬೆಳಿಗ್ಗೆ ಮಗುವನ್ನೂ ಅರ್ಜಿಯ ಪ್ರಿಂಟನ್ನೂ ಆಧಾರ್ ಕಾರ್ಡನ್ನೂ ಕರೆದುಕೊಂಡು, ತೆಗೆದುಕೊಂಡು ಮಲ್ಲೇಶ್ವರದ ಕೆಇಎ ಕಚೇರಿಗೆ ಹೋಗಿ, ನಂಬರ್ ಬದಲಿಸಿಕೊಡಿ ಅಂತ ಬರವಣಿಗೆಯಲ್ಲೇ ಕೇಳಿ.